ಹನ್ನೊಂದು ಇಂಚಿನ ತಕರಾರು

ಲಿಂಗಸುಗೂರಿನ ಟ್ಯೂಷನ್ ಕ್ಲಾಸಿನ ಮೇಲಿನ ಕೋಣೆಗೆ ನಾನು ಕಾಲಿಟ್ಟಾಗ ಹತ್ತು ಹನ್ನೆರಡು ಮಂದಿ ಬೆಳೆದ ಗಂಡಸರು ಹೆಬ್ಬೆರಳುದ್ದದ ಗೊಂಬೆಗಳ ಮುಂದೆ ನಿಂತು ಕಿತ್ತಾಡುತ್ತಿದ್ದರು. ಒಬ್ಬರು ಕಾಲಿಂಚು ಅನ್ನುತ್ತಾರೆ, ಇನ್ನೊಬ್ಬರು ಅರ್ಧ ಇಂಚು ಅನ್ನುತ್ತಾರೆ. ಒಬ್ಬರ ಕೈಯಲ್ಲಿ ಶಾಲೆ ಮಕ್ಕಳ ಸ್ಕೇಲು, ಇನ್ನೊಬ್ಬರ ಕೈಯಲ್ಲಿ ಬಡಗಿಯ ಪಟ್ಟಿ, ಎರಡೂ ಬೇರೆ ಬೇರೆ ಹೇಳುತ್ತಿದ್ದವು. ಆಗಲೇ ತಿರುಗಿ ಮಸ್ಕಿ ಬಸ್ಸು ಹತ್ತಬೇಕು ಅನ್ನಿಸಿತ್ತು. ಹತ್ತಿದ್ದರೆ ಚೆನ್ನಾಗಿತ್ತು.

ನನ್ನನ್ನು ಕರೆಸಿದವರು ಸಿಂಧನೂರಿನ ಒಬ್ಬ ಡ್ರಾಯಿಂಗ್ ಮಾಸ್ತರು. ನಾನು ಮಸ್ಕಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಮಾಸ್ತರು ತಮ್ಮ ಮನೆಯವರ ಜಂಪರು ಒಯ್ಯಲು ಬಂದ ದಿನ ಅಂಗಡಿಯಲ್ಲಿ ಒಬ್ಬಾಕೆ ತೋಳು ಬಿಗಿಯಾಯಿತು ಅಂತ ಗಲಾಟೆ ಎಬ್ಬಿಸಿದ್ದಳು. ಪುಸ್ತಕ ತೆಗೆದು ಅವಳದೇ ಅಳತೆ ತೋರಿಸಿ, ಟೇಪು ಹಾಕಿ, ಬಾಯಿ ಮುಚ್ಚಿಸಿ ಕಳಿಸಿದೆ. ಮಾಸ್ತರು ಅದನ್ನೆಲ್ಲ ನಿಂತು ನೋಡಿ, ತಾವೊಂದು ಯುದ್ಧದ ಆಟ ಕಟ್ಟಿದ್ದಾಗಿ, ಮೂರು ಭಾನುವಾರ ಮೂರು ಊರಲ್ಲಿ ಪಂದ್ಯ ಇಟ್ಟಿದ್ದಾಗಿ, ಇಂಚಿನ ಜಗಳ ಬಿಡಿಸಲು ನನ್ನಂಥವಳೇ ಬೇಕೆಂದರು. ಹೊಗಳಿದರೆ ಉಬ್ಬುವ ಬುದ್ಧಿ ನನ್ನದು. ಒಪ್ಪಿಕೊಂಡೆ.

ಆಟ ಹೀಗಿತ್ತು. ಆರಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಬೋರ್ಡು. ಅದರ ಮೇಲೆ ಅಂಟಿಸಿದ ಕೋಟೆಗೋಡೆ, ಗುಡ್ಡ, ಬಾವಿ, ಒಂದು ಹಳ್ಳ. ನೋಡಿದರೆ ಕಣ್ಣು ತುಂಬುವಂಥ ಕೆಲಸ. ಬಾವಿಯ ಕಟ್ಟೆಯ ಕಲ್ಲುಗಳ ಸಂದಿಯಲ್ಲಿ ಪಾಚಿ ಕೂಡ ಬಿಡಿಸಿದ್ದರು. ಎಲ್ಲ ಮಾಸ್ತರೇ ಕೂತು ಮಾಡಿದ್ದು ಅಂತ ಎಲ್ಲರೂ ಅನ್ನುತ್ತಿದ್ದರು, ಅವರೂ ಹೌದೆಂದು ತಲೆಯಾಡಿಸುತ್ತಿದ್ದರು. ಕಾಲಾಳು ಒಂದು ಸರದಿಗೆ ಆರು ಇಂಚು ನಡೆಯಬಹುದು, ಕುದುರೆ ಹನ್ನೆರಡು. ಶತ್ರುವಿನ ಮೇಲೆ ಬೀಳುವ ಮುಂಚೆ ಆಟಗಾರ ‘ಹಲ್ಲಾ’ ಎಂದು ಬಾಯಿಬಿಟ್ಟು ಹೇಳಿ, ಎಷ್ಟು ಇಂಚು ದೂರ ಎಂಬುದನ್ನು ಕಣ್ಣಂದಾಜಿನಲ್ಲೇ ಹೇಳಬೇಕು. ಆಮೇಲೆ ಟೇಪು. ಹೇಳಿದ ಅಂಕಿಯೊಳಗೆ ಶತ್ರು ಸಿಕ್ಕರೆ ದಂಡು ಮುಟ್ಟಿತು. ಸಿಗದಿದ್ದರೆ ನಡುದಾರಿಯಲ್ಲಿ ನಿಂತು ಏಟು ತಿನ್ನಬೇಕು. ದೊಡ್ಡ ಅಂಕಿ ಹೇಳಿ ಪಾರಾಗುವ ಹಾಗೂ ಇಲ್ಲ, ಹೆಚ್ಚಿಗೆ ಹೇಳಿದ ಒಂದೊಂದು ಇಂಚಿಗೂ ಎಸೆಯುವ ದಾಳ ಒಂದೊಂದು ಕಡಿಮೆಯಾಗುತ್ತದೆ. ಆದ್ದರಿಂದ ಹಲ್ಲಾ ಅನ್ನುವ ಮುಂಚೆ ಯಾರೂ ಅಳೆಯಕೂಡದು. ಆಟ ನಿಂತಿದ್ದು ಈ ಒಂದು ನಿಯಮದ ಮೇಲೆ, ಜಗಳ ನಿಂತಿದ್ದೂ ಇದರ ಮೇಲೆಯೇ.

ಆವತ್ತು ಮೊದಲ ತಕರಾರು ಬಂದದ್ದು ಹಟ್ಟಿಯ ಗಣಿ ನೌಕರನೊಬ್ಬನ ಮೇಲೆ. ಪಾಳಿ ಬದಲಿಸಿಕೊಂಡು ಬಂದಿದ್ದ ಆಸಾಮಿ ದಣಿದವನಂತೆ ಬೋರ್ಡಿನ ಮೇಲೆ ಕೈಯೂರಿ ನಿಲ್ಲುತ್ತಿದ್ದ. ಹೆಬ್ಬೆರಳು ಇತ್ತ, ಕಿರುಬೆರಳು ಅತ್ತ, ಕೈ ಪೂರ್ತಿ ಅಗಲಿಸಿ. ಎದುರಾಳಿ ಗೇಣು ಹಾಕುತ್ತಿದ್ದಾನೆ ಅಂತ ಕೂಗಿದ. ಇವನು ಸುಸ್ತಾಗಿ ಊರಿದ್ದು ಅಂದ. ನಾನು ಅವನ ಕೈ ಹಿಡಿದು ಗೇಣಿಗೆ ಟೇಪು ಹಾಕಿದೆ. ಕರಾರುವಾಕ್ಕಾಗಿ ಒಂಬತ್ತು ಇಂಚು. ಗೇಣಿನ ಉದ್ದ ಗೊತ್ತಿರುವವನಿಗೆ ಟೇಪು ಯಾಕೆ ಬೇಕು ಅಂತ ಬೈದು, ಇನ್ನು ಮುಂದೆ ಎಲ್ಲರೂ ಕೈ ಹಿಂದೆ ಕಟ್ಟಿ ಒಂದು ಮಾರು ದೂರ ನಿಲ್ಲಬೇಕೆಂದು ನಿಯಮದ ಪುಸ್ತಕದಲ್ಲಿ ಬರೆಸಿದೆ.

ಎರಡನೆಯ ತಕರಾರು ಇದಕ್ಕಿಂತ ಹಲ್ಕಾ. ಸಿಂಧನೂರಿನಲ್ಲಿ ಗೊಬ್ಬರದಂಗಡಿ ಇಟ್ಟಿರುವ ಸಾಹುಕಾರರೊಬ್ಬರು ಆಡುತ್ತಿದ್ದರು. ನಯವಾದ ಮಾತಿನ ಮನುಷ್ಯ, ಎಲ್ಲರಿಗೂ ಅವ್ವಾ ಅಪ್ಪಾ ಅನ್ನುತ್ತಾರೆ. ಅವರು ಕಾಲಾಳನ್ನು ಎರಡಿಂಚು ಸರಿಸಬೇಕು ಅನ್ನುತ್ತಾ ಟೇಪು ಕೇಳಿ ಇಸಿದುಕೊಂಡು, ಅದನ್ನು ಸರ್‍ರನೆ ಎಳೆದು ಶತ್ರುವಿನ ಬೆನ್ನು ದಾಟಿಸಿ ಹರವಿಬಿಡುತ್ತಿದ್ದರು. ಗೊಂಬೆ ಎರಡಿಂಚು ಸರಿಯುತ್ತಿತ್ತು, ಅವರ ಕಣ್ಣು ಹನ್ನೊಂದು ಹನ್ನೆರಡರ ಕಡೆ ಓಡುತ್ತಿತ್ತು. ಮುಂದಿನ ಸರದಿಗೆ ಹಲ್ಲಾ, ಅಂಕಿ ಸರಿಯಾಗಿ. ಮೂರನೆಯ ಸಲ ಅದೇ ಆಟ ಕಂಡಾಗ ನನಗೆ ನೆತ್ತಿಗೇರಿತು. ಟೇಪು ಕಿತ್ತುಕೊಂಡು, ಇವತ್ತಿನಿಂದ ಟೇಪು ಮುಟ್ಟುವ ಕೈ ನನ್ನದೊಂದೇ ಅಂದೆ. ಸಾಹುಕಾರರು ನಕ್ಕರು. ಆ ನಗು ಕಂಡು ಇನ್ನಷ್ಟು ಉರಿಯಿತು.

ಆಡುವವರಲ್ಲಿ ಹೆಣ್ಣು ಅಂತ ಇದ್ದದ್ದು ಒಬ್ಬಳೇ. ಬಂಗಾಳದಿಂದ ಬಂದ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನವಳು, ಸಿಂಧನೂರಿನ ಫೋಟೊ ಸ್ಟುಡಿಯೋದಲ್ಲಿ ಕೆಲಸ. ಮನೆಯಲ್ಲಿ ಬಂಗಾಳಿ, ಹೊರಗೆ ನಮ್ಮ ಹಾಗೆಯೇ ಮಾತು. ನಾನು ನಿಯಮ ಹೇಳುವ ಮುಂಚೆಯೇ ಅವಳು ಕೈ ಹಿಂದೆ ಕಟ್ಟಿ ನಿಂತಿದ್ದಳು. ಹಲ್ಲಾ ಅನ್ನುವ ಮುಂಚೆ ಸ್ವಲ್ಪ ಬಾಗಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು, ಅಂಕಿ ಹೇಳುತ್ತಿದ್ದಳು, ಅಷ್ಟೇ ಇರುತ್ತಿತ್ತು. ಟೇಪು ನನ್ನ ಕೈಗೆ ಬರುವ ಮುಂಚೆಯೇ ಲಿಂಗಸುಗೂರಿನಲ್ಲಿ ಎರಡು ಪಂದ್ಯ ಗೆದ್ದಿದ್ದಳು. ಒಳಗೊಳಗೇ ನನಗೆ ಖುಷಿಯಾಗಿತ್ತು, ಸುಳ್ಳು ಹೇಳಲಾರೆ.

ಮುಂದಿನ ಭಾನುವಾರ ಮಸ್ಕಿಯಲ್ಲಿ, ನಮ್ಮ ಓಣಿಯ ಸಮುದಾಯ ಭವನದಲ್ಲಿ. ಬೆಳಗಿನಿಂದ ಟೇಪು ನನ್ನ ಕೈಯಲ್ಲೇ. ಆವತ್ತು ಒಬ್ಬರ ಹಲ್ಲಾವೂ ನೆಟ್ಟಗೆ ಮುಟ್ಟಲಿಲ್ಲ. ಏಳು ಅಂದರೆ ಏಳೂವರೆ ಬರುವುದು, ಹತ್ತು ಅಂದರೆ ಹತ್ತೂವರೆ. ಲಿಂಗಸುಗೂರಿನಲ್ಲಿ ಕದ್ದು ಅಳೆದೇ ಇಷ್ಟು ಜನ ಮೆರೆದಿದ್ದರು, ಈಗ ಬಣ್ಣ ಬಯಲಾಯಿತು ಅಂದುಕೊಂಡೆ. ಕಣ್ಣು ಮನೆಯಲ್ಲಿ ಬಿಟ್ಟು ಬಂದಿರೇನು ಅಂತ ಒಬ್ಬಿಬ್ಬರನ್ನು ಹಂಗಿಸಿಯೂ ಹಂಗಿಸಿದೆ.

ಮಧ್ಯಾಹ್ನ ಸೆಮಿಫೈನಲ್. ಕ್ಯಾಂಪಿನ ಹುಡುಗಿ ಒಂದು ಕಡೆ, ಗೊಬ್ಬರದ ಸಾಹುಕಾರರು ಇನ್ನೊಂದು ಕಡೆ. ಅವಳ ಕುದುರೆಗಳು ಬಾವಿಯ ಕಟ್ಟೆಗೆ ಒತ್ತಿಕೊಂಡು ನಿಂತಿದ್ದವು, ಅವರ ದಂಡು ಕೋಟೆಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು. ಆಸರೆಗೆ ಒತ್ತಿ ನಿಂತ ದಂಡಿನ ದೂರವನ್ನು ಗೊಂಬೆಯಿಂದಲ್ಲ, ಆಸರೆಯಿಂದ ಆಸರೆಗೆ ಅಳೆಯುವುದು ನಿಯಮ. ಆ ಹಲ್ಲಾ ಮುಟ್ಟಿದರೆ ಪಂದ್ಯ ಅವಳದು. ಅವಳು ಈ ಸಲ ಬಾಗಲೂ ಇಲ್ಲ, ಕಣ್ಣು ಮುಚ್ಚಲೂ ಇಲ್ಲ.

“ಹಲ್ಲಾ. ಹನ್ನೊಂದು.”

ಟೇಪು ಹಾಕಿದೆ. ಹನ್ನೊಂದೂವರೆ. ಮುಟ್ಟಲಿಲ್ಲ ಅಂದೆ. ಅವಳು ಬೋರ್ಡಿನ ಹತ್ತಿರಕ್ಕೆ ಬಂದಳು.

“ಅಕ್ಕಾರ, ಅದು ಹನ್ನೊಂದ ಐತ್ರಿ. ಇನ್ನೊಮ್ಮಿ ಹಾಕ್ರಿ.”

ಇನ್ನೊಮ್ಮೆ ಹಾಕಿದೆ. ಮತ್ತೆ ಹನ್ನೊಂದೂವರೆ. ಅವಳು ಒಪ್ಪಲಿಲ್ಲ, ಹನ್ನೊಂದೇ ಅಂತ ಹಟ ಹಿಡಿದಳು. ಇಷ್ಟು ವರ್ಷ ಟೇಪು ಕೊರಳಿಗೆ ಹಾಕಿಕೊಂಡು ಬದುಕಿದವಳು ನಾನು, ಎಲ್ಲರ ಮುಂದೆ ನನ್ನ ಅಳತೆ ಸುಳ್ಳು ಅನ್ನುತ್ತಾಳಲ್ಲ ಎಂದು ಮೈಯೆಲ್ಲ ಉರಿಯಿತು. ಆ ಹೊತ್ತಿಗೆ ಸರಿಯಾಗಿ ಸಾಹುಕಾರರು ಮೆಲ್ಲಗೆ ಬಾಯಿಬಿಟ್ಟರು.

“ಅಷ್ಟು ಖಾತ್ರಿ ಹ್ಯಾಂಗ ಐತವಾ ನಿನಗ? ಮೊದಲ ಅಳದು ಇಟ್ಟಿದ್ದೇನು?”

ಅವರ ಬಾಯಿ ಮುಚ್ಚಿಸಬೇಕಾಗಿತ್ತು. ನಾನು ಅವರ ಮಾತನ್ನೇ ಎತ್ತಿಕೊಂಡೆ. ನಾನು ಟೇಪು ಇಡುವ ಮುಂಚೆ ನಿನಗೆ ಗೊತ್ತಾಗಿದ್ದು ಹೇಗೆ ಅಂತ ಅವಳನ್ನು ಕೇಳಿದೆ. ಅವಳು ಬಾಯಿ ತೆರೆದಳು, ಮಾಸ್ತರ ಕಡೆ ನೋಡಿದಳು. ಮಾಸ್ತರು ಕನ್ನಡಕ ಒರೆಸುತ್ತ ಕೂತಿದ್ದರು. ಅವಳು ಬಾಯಿ ಮುಚ್ಚಿಕೊಂಡಳು.

“ಕಳ್ಳ ಅಳತಿ ಹಾಕಿದಾಕಿ ಅಷ್ಟ ಹಿಂಗ ಜಿದ್ದು ಮಾಡ್ತಾಳ,” ಅಂದೆ.

ನಾನೇ ಅಂದದ್ದು. ಅಷ್ಟು ಜನರ ಮುಂದೆ. ಪಂದ್ಯ ಸಾಹುಕಾರರಿಗೆ ಅಂತ ಬರೆದೆ. ಅವಳು ತನ್ನ ಗೊಂಬೆಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿಕೊಂಡು ಹೋದಳು. ಅವಳು ಯಾರ ಮುಖವನ್ನೂ ನೋಡದೆ ಹೋದದ್ದನ್ನು ಕಂಡು, ಸಿಕ್ಕಿಬಿದ್ದ ಅಂಜಿಕೆ ಅಂದುಕೊಂಡೆ.

ಅದು ಅಲ್ಲಿಗೆ ಮುಗಿಯಲಿಲ್ಲ. ಆಟಗಾರರ ಫೋನಿನ ಗುಂಪಿನಲ್ಲಿ ಎರಡು ದಿನ ಅವಳದೇ ಮಾತು. ಕ್ಯಾಂಪಿನವರನ್ನು ಇನ್ನು ಸೇರಿಸಬಾರದು ಅಂತ ಒಬ್ಬ ಬರೆದ. ಯಾರೋ ಇಬ್ಬರು ಅವಳ ಸ್ಟುಡಿಯೋಗೇ ಹೋಗಿ ಪಾಸ್‌ಪೋರ್ಟ್ ಫೋಟೊ ತೆಗೆಸಿ, ಸೈಜು ಸರಿ ಇದೆಯೋ, ಇದರಲ್ಲೂ ಕೈಚಳಕ ತೋರಿಸಿದ್ದೀಯೋ ಅಂತ ಮಾಲೀಕರ ಎದುರಿಗೇ ಕೇಳಿ ಬಂದರಂತೆ, ಅದನ್ನೂ ನಗುತ್ತ ಬರೆದಿದ್ದರು. ಒಬ್ಬ ಮಾತ್ರ, ಹಟ್ಟಿಯ ಆ ಗೇಣಿನವನು, ಅಕ್ಕಾರು ಇನ್ನೊಮ್ಮೆ ನೋಡಬೇಕಾಗಿತ್ತು ಅಂತ ಬರೆದ. ನನಗೆ ರೇಗಿತು. ಮೂರನೆಯ ಭಾನುವಾರದ ಪಂದ್ಯಕ್ಕೆ ಸಿಂಧನೂರಿಗೆ ಹೋಗುವ ತನಕ ಬೋರ್ಡು ನನ್ನ ಅಂಗಡಿಯಲ್ಲೇ ಇತ್ತು. ಬಾವಿ ಅಲ್ಲೇ, ಗೋಡೆ ಅಲ್ಲೇ, ಎರಡೂ ಅಂಟಿಸಿದ್ದು. ಟೇಪು ಇಟ್ಟು ಫೋಟೊ ಹೊಡೆದು ಎಲ್ಲರ ಮುಖಕ್ಕೆ ಎಸೆಯೋಣ ಅಂತ ಮಂಗಳವಾರ ಊಟದ ಹೊತ್ತಿಗೆ ಬೋರ್ಡಿನ ಮೇಲಿನ ಬಟ್ಟೆ ಸರಿಸಿದೆ.

ಫೋನು ಹಿಡಿಯಲು ಒಂದು ಕೈ ಬೇಕಲ್ಲ. ಹಾಗಾಗಿ ಟೇಪಿನ ಹಿತ್ತಾಳೆ ತುದಿಯನ್ನು ಬಾವಿಯ ಕಟ್ಟೆಗೆ ತಾಗಿಸಿ, ಮೇಲೆ ಕತ್ತರಿ ಹೇರಿ, ಕೈ ಬಿಟ್ಟೆ. ಫೋನು ಎತ್ತಿ ನೋಡಿದರೆ ಗೋಡೆಯ ಹತ್ತಿರ ಹನ್ನೊಂದು.

ಕತ್ತರಿ ಜರುಗಿದೆ ಅಂದುಕೊಂಡು ಮತ್ತೆ ಇಟ್ಟೆ. ಹನ್ನೊಂದು. ಗೆರೆ ಹಾಕುವ ಮರದ ಪಟ್ಟಿ ಇಟ್ಟೆ. ಹನ್ನೊಂದು. ಆಮೇಲೆ ಕೈಯಲ್ಲಿ ಟೇಪು ಹಿಡಿದು ಪಂದ್ಯದ ದಿನ ಹಾಕಿದ ಹಾಗೇ ಹಾಕಿದೆ. ಹನ್ನೊಂದೂವರೆ. ಕುತ್ತಿಗೆ ಬಗ್ಗಿಸಿ ನನ್ನದೇ ಕೈ ನೋಡಿಕೊಂಡೆ. ಟೇಪಿನ ತುದಿ ನನ್ನ ತೋರುಬೆರಳಿಗೆ ಸುತ್ತಿಕೊಂಡಿತ್ತು. ಬಾವಿಗೆ ತಾಗಿದ್ದು ಟೇಪಿನ ತುದಿಯಲ್ಲ, ನನ್ನ ಬೆರಳಿನ ಸುತ್ತು. ಮೊದಲ ಅರ್ಧ ಇಂಚು ಆ ಸುತ್ತಿನಲ್ಲೇ ಕಳೆದುಹೋಗಿತ್ತು.

ನನಗೆ ಕೆಲಸ ಕಲಿಸಿದ ಉಸ್ತಾದರು ಮೊದಲ ದಿನವೇ ಹೇಳಿಕೊಟ್ಟದ್ದು ಅದು. ಮೈ ಅಳತೆ ತೆಗೆಯುವಾಗ ಟೇಪಿನ ಒಳಗೆ ಬೆರಳು ಇರಬೇಕು, ಇಲ್ಲದಿದ್ದರೆ ಹಾಕಿಕೊಂಡವಳಿಗೆ ಉಸಿರು ಬಿಡಲು ಜಾಗ ಇರುವುದಿಲ್ಲ. ಬೆರಳಿನ ದಪ್ಪ ಅಳತೆಯಲ್ಲಿ ಸೇರುತ್ತದೆ, ಜಂಪರು ಸರಿಯಾಗಿ ಕೂರುತ್ತದೆ. ಬಟ್ಟೆ ಕತ್ತರಿಸುವಾಗ ಮರದ ಪಟ್ಟಿ, ಮೈಗೆ ಮಾತ್ರ ಟೇಪು. ಚಪ್ಪಟೆ ಹಲಗೆಯ ಮೇಲೆ ಟೇಪು ಹಾಕಿದ ರೂಢಿಯೇ ನನಗೆ ಇರಲಿಲ್ಲ. ಬೆರಳು ತನ್ನ ಪಾಡಿಗೆ ತಾನು ಒಳಗೆ ಹೋಗಿತ್ತು. ಮಸ್ಕಿಯಲ್ಲಿ ಆ ಭಾನುವಾರ ನಾನು ಹಾಕಿದ ಒಂದೊಂದು ಅಳತೆಯಲ್ಲೂ ಅರ್ಧ ಇಂಚು ಸುಳ್ಳಿತ್ತು.

ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕುಸಿದೆ. ಅಳು ಬರಲಿಲ್ಲ. ನನ್ನ ಬೆರಳನ್ನು ನಾನೇ ಕಚ್ಚಬೇಕು ಅನ್ನಿಸುವಷ್ಟು ಸಿಟ್ಟು ಬಂತು. ಸಾಹುಕಾರರ ಮೇಲಿನ ಸಿಟ್ಟಿಗೆ ಟೇಪು ಕಿತ್ತುಕೊಂಡೆ, ಆ ಟೇಪಿನಿಂದ ಆ ಹುಡುಗಿಯ ಹೆಸರು ಕೆಡಿಸಿದೆ, ಕೆಡಿಸಿದ ಮೇಲೆ ಫೋಟೊ ಬೇರೆ ಹೊಡೆಯಲು ಹೊರಟಿದ್ದೆ.

ಮಾಸ್ತರಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು, ಸಿಂಧನೂರಿನ ಪಂದ್ಯಕ್ಕೆ ಹಾಲ್ ಸಾಹುಕಾರರೇ ಕೊಡಿಸಿದ್ದು, ಬ್ಯಾನರಿನಲ್ಲಿ ಅವರ ಫೋಟೊ ಬಂದಾಗಿದೆ, ನಿರ್ಣಾಯಕರ ಮಾತೇ ಕೊನೆ ಅಂತ ನಿಯಮದಲ್ಲೂ ಇದೆ ಅಂದರು. “ಅರ್ಧ ಇಂಚಿಂದ ಏನಾಗ್ತದ, ಬಿಟ್ಟುಬಿಡ್ರಿ ಅಕ್ಕಾರ. ಯಾರಿಗೂ ಗೊತ್ತಿಲ್ಲ,” ಅಂದರು.

“ಅರ್ಧ ಇಂಚಿನಾಗ ಒಬ್ಬಾಕಿ ಇಜ್ಜತ್ ಹೋಗೇತಿ ಸರ್,” ಅಂತ ಹೇಳಿ ಫೋನು ಕಟ್ ಮಾಡಿದೆ. ಇನ್ನೂ ಏನೇನೋ ಬಾಯಿಗೆ ಬಂದಿತ್ತು, ಮಕ್ಕಳಿಗೆ ಪಾಠ ಹೇಳುವವರು ಅಂತ ನುಂಗಿಕೊಂಡೆ.

ಗುರುವಾರ ಅಂಗಡಿ ಬಾಗಿಲು ಹಾಕಿ ಸಿಂಧನೂರಿನ ಬಸ್ಸು ಹತ್ತಿದೆ. ಸ್ಟುಡಿಯೋದಲ್ಲಿ ಕೇಳಿದರೆ ನಾಟಿಗೆಂದು ರಜೆ ಹಾಕಿದ್ದಾಳೆ ಅಂದರು. ಆಟೊ ಹಿಡಿದು ಕ್ಯಾಂಪಿಗೆ ಹೋದೆ. ಮನೆಯ ಹಿಂದಿನ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಸಾಲಾಗಿ ಹೆಂಗಸರು ಭತ್ತದ ಸಸಿ ಊರುತ್ತಿದ್ದರು. ಅವಳು ನನ್ನನ್ನು ಕಂಡಳು, ಕಂಡೂ ಕೈಯಲ್ಲಿದ್ದ ಸಸಿಕಟ್ಟು ಮುಗಿಯುವ ತನಕ ಬರಲಿಲ್ಲ. ನಾನು ಬದುವಿನ ಮೇಲೆ ಬಿಸಿಲಲ್ಲಿ ನಿಂತಿದ್ದೆ. ನಿಲ್ಲಿಸಲಿ, ನನಗೆ ಅದೇ ಆಗಬೇಕು ಅಂದುಕೊಂಡೆ.

ಬಂದ ಮೇಲೆ ಕಾಲುವೆಯ ನೀರಿನಲ್ಲಿ ಕೈ ತೊಳೆದುಕೊಂಡಳು. ನಾನು ಟೇಪು ತೆಗೆದು, ಬೆರಳಿಗೆ ಸುತ್ತಿ ತೋರಿಸಿ, ತಪ್ಪು ನನ್ನದು ಅಂದೆ. ಅವಳು ಬೆರಳನ್ನೂ ನೋಡಲಿಲ್ಲ, ಟೇಪನ್ನೂ ನೋಡಲಿಲ್ಲ.

“ಅಳತಿ ತಪ್ಪಿದ್ದಕ್ಕ ನನಗ ಸಿಟ್ಟಿಲ್ರಿ. ಅಳತಿ ಯಾರಿಗಾದ್ರೂ ತಪ್ಪತೈತಿ. ಕಳ್ಳಿ ಅಂದ್ರಿ ನೀವು.”

ಭಾನುವಾರ ಎಲ್ಲರ ಮುಂದೆ ಹೇಳುತ್ತೇನೆ, ಪಂದ್ಯ ಮತ್ತೆ ಆಡಿಸುತ್ತೇನೆ, ನೀನು ಬರಬೇಕು ಅಂದೆ. ಅವಳು, ಹೇಳುವುದಾದರೆ ಪೂರ್ತಿ ಹೇಳಬೇಕು, ಅರ್ಧ ಬೇಡ ಅಂದಳು.

“ಆ ಬೋರ್ಡ್ ಮಾಡಿದಾಕಿ ನಾನ ರಿ. ಮಾಸ್ತರ್ ಚಿತ್ರ ಬರಕೊಟ್ಟಿದ್ರು ಅಷ್ಟ. ಗ್ವಾಡಿಯಿಂದ ಬಾವಿ ಹನ್ನೊಂದು ಇಂಚಿಗೆ ಇರಲಿ ಅಂದ್ರು, ಸ್ಕೇಲ್ ಇಟ್ಟು ಅಂಟಿಸೀನಿ. ಯಾರಿಗೂ ಹೇಳಬ್ಯಾಡ ಅಂದಿದ್ರು.”

ಹಾಗಾದರೆ ಆ ಹಲ್ಲಾ ಕಣ್ಣಂದಾಜಿನದಲ್ಲವೇ ಅಲ್ಲ. ಅವಳಿಗೆ ಮೊದಲೇ ಗೊತ್ತಿತ್ತು. ಸಾಹುಕಾರರು ಕೇಳಿದ ಮಾತಿನಲ್ಲಿ ಸತ್ಯ ಇತ್ತು. ಇಷ್ಟು ದೂರ ತಪ್ಪೊಪ್ಪಿಕೊಳ್ಳಲು ಬಂದವಳಿಗೆ ಇದೇನು ಕರ್ಮ ಅಂತ ಅವಳ ಮೇಲೂ ಗುರ್ ಅಂದೆ. ಗೊತ್ತಿದ್ದರೆ ಬಿಟ್ಟುಕೊಡಬೇಕಿತ್ತು, ಬೇರೆ ಅಂಕಿ ಹೇಳಬೇಕಿತ್ತು ಅಂದೆ. ಗೊತ್ತಿರುವುದನ್ನು ಗೊತ್ತಿಲ್ಲದ ಹಾಗೆ ಮಾಡುವುದು ಹೇಗೆ ಅಂತ ಅವಳೂ ಅಷ್ಟೇ ಬಿರುಸಾಗಿ ಕೇಳಿದಳು. ಬೇರೆ ಕಡೆಯೆಲ್ಲ ತಾನು ಹೇಳಿದ್ದು ಕಣ್ಣಿನಿಂದಲೇ, ಅದೊಂದು ಅಂತರ ಮಾತ್ರ ತನ್ನ ಕೈಯೇ ಸ್ಕೇಲಿಟ್ಟು ಮಾಡಿದ್ದು ಅಂದಳು. ಆಗಷ್ಟೇ ತಾನು ಊರಿದ ಸಸಿಯ ಸಾಲು ತೋರಿಸಿದಳು. ಹಗ್ಗ ಹಿಡಿಯದೆ ಊರಿದ ಸಾಲು, ಒಂದು ಬುಡಕ್ಕೂ ಇನ್ನೊಂದಕ್ಕೂ ಒಂದೇ ಅಂತರ.

ವಾಪಸು ಬರುವಾಗ ಬಸ್ಸಿನಲ್ಲಿ ಇದೇ ತಲೆಯಲ್ಲಿ ಕೊರೆಯಿತು. ಅಂಗಡಿಯ ಹೊಸ್ತಿಲು ದಾಟಿ ಒಬ್ಬಾಕೆ ಒಳಗೆ ಬಂದಳೆಂದರೆ ಟೇಪು ಮುಟ್ಟುವ ಮುಂಚೆಯೇ ಮೂವತ್ನಾಲ್ಕೋ ಮೂವತ್ತಾರೋ ನನಗೆ ಗೊತ್ತಾಗುತ್ತದೆ. ಅದನ್ನು ಯಾರೂ ಕಳ್ಳತನ ಅನ್ನುವುದಿಲ್ಲ, ಹೊಗಳುತ್ತಾರೆ. ಆದರೆ ಬಾವಿ ಅಂಟಿಸಿದ್ದು ಸ್ಕೇಲಿಟ್ಟು. ಅದನ್ನು ಕಣ್ಣಳತೆ ಅಂತ ನಾನು ಒಪ್ಪಲಾರೆ. ಹಾಗೆಂದು ಕಳ್ಳ ಅಳತೆ ಅಂತಲೂ ಅನ್ನಲಾರೆ, ಅವಳು ಅಳೆದದ್ದು ಆಟ ಹುಟ್ಟುವ ಮುಂಚೆ, ಹೇಳಿದವರ ಮಾತಿನಂತೆ. ಇದಕ್ಕೆಲ್ಲ ಕಾರಣ ಮಾಸ್ತರು. ಬೋರ್ಡು ತಾವು ಮಾಡಿದ್ದಲ್ಲ ಅಂತ ಒಂದು ಮಾತು ಮಸ್ಕಿಯಲ್ಲಿ ಹೇಳಿದ್ದರೆ ಸಾಕಿತ್ತು. ಅವಳು ತಮ್ಮ ಕಡೆ ನೋಡಿದಾಗ ಕನ್ನಡಕ ಒರೆಸಿದರಲ್ಲ, ಆ ಮನುಷ್ಯನ ಹೊಗಳಿಕೆಗೆ ನಾನು ಉಬ್ಬಿದ್ದೆ. ಮಸ್ಕಿಯ ಹಲ್ಲಾ ಯಾರಿಗೂ ಲೆಕ್ಕಕ್ಕಿಲ್ಲ, ಪಂದ್ಯ ಮೊದಲಿಂದ ಆಡಬೇಕು, ಆ ಬೋರ್ಡಿನ ಮೇಲೆ ಅಂಟಿಸಿದ್ದು ಯಾವುದೂ ಇದ್ದ ಜಾಗದಲ್ಲಿ ಇರಕೂಡದು ಅಂತ ಮಸ್ಕಿ ಬರುವ ಹೊತ್ತಿಗೆ ತೀರ್ಮಾನಿಸಿದ್ದೆ.

ಭಾನುವಾರ ಸಿಂಧನೂರಿನ ಹಾಲಿನಲ್ಲಿ ನಲವತ್ತು ಜನ ಸೇರಿದ್ದರು. ಬಾಗಿಲಿಗೆ ಸಾಹುಕಾರರ ಫೋಟೊದ ಬ್ಯಾನರ್. ನಾನು ಮೈಕು ಕೇಳಲಿಲ್ಲ, ನನ್ನ ಗಂಟಲು ಸಾಕು. ಬೆರಳು ಎತ್ತಿ ತೋರಿಸಿ, ಮಸ್ಕಿಯಲ್ಲಿ ನಾನು ಹಾಕಿದ ಅಳತೆಯೆಲ್ಲ ತಪ್ಪು ಅಂದೆ. ಕತ್ತರಿ ಹೇರಿ ಒಮ್ಮೆ, ಬೆರಳು ಸುತ್ತಿ ಒಮ್ಮೆ, ಎಲ್ಲರೂ ಹತ್ತಿರ ಬಂದು ನೋಡುವ ಹಾಗೆ ಎರಡು ಸಲ ಅಳೆದೆ. ಇಲ್ಲಿ ಅಳತೆಯಲ್ಲಿ ಮೋಸ ಆದದ್ದು ನನ್ನ ಕೈಯಿಂದ, ಕಳ್ಳಿ ಅಂದದ್ದು ನನ್ನ ನಾಲಿಗೆ ಅಂದೆ. ಸಾಹುಕಾರರು ನಿರ್ಣಾಯಕರ ಮಾತೇ ಕೊನೆ ಅನ್ನುವ ನಿಯಮ ಎತ್ತಿದರು. ನಿರ್ಣಾಯಕಿ ನಾನೇ, ಇದೇ ನನ್ನ ಕೊನೆಯ ಮಾತು ಅಂದೆ.

ಆಗ ಕ್ಯಾಂಪಿನ ಹುಡುಗಿ ಮುಂದೆ ಬಂದು, ಬೋರ್ಡು ಮಾಡಿದ್ದು ತಾನು, ಆ ಹನ್ನೊಂದು ಇಂಚು ತನಗೆ ಮೊದಲೇ ಗೊತ್ತಿತ್ತು ಎಂದು ತಾನೇ ಹೇಳಿದಳು. ಹಾಲಿನಲ್ಲಿ ಹುಯಿಲೆದ್ದಿತು. ನೋಡಿದಿರಾ, ನಾ ಹೇಳಿರಲಿಲ್ಲವೇ ಅಂತ ಸಾಹುಕಾರರು ಕೈ ಬೀಸಿದರು. ಎಲ್ಲರೂ ಮಾಸ್ತರ ಕಡೆ ತಿರುಗಿದರು. ಮಾಸ್ತರು ತಲೆ ತಗ್ಗಿಸಿ, ಹೌದು, ಅವಳೇ ಮಾಡಿದ್ದು ಅಂದರು. ಆ ನಾಲ್ಕು ಮಾತು ಎಂಟು ದಿನ ತಡವಾಗಿ ಬಂದವು.

ನಾನು ಬಟ್ಟೆ ಕತ್ತರಿಸುವ ಚಾಕು ತೆಗೆದು ಬೋರ್ಡಿನ ಮೇಲೆ ಬಗ್ಗುವಷ್ಟರಲ್ಲಿ ಅವಳು ಕೈ ಚಾಚಿದಳು. ಕೊಟ್ಟೆ. ಬಾವಿಯ ಬುಡಕ್ಕೆ ಚಾಕು ತೂರಿಸಿ ಮೀಟಿದಳು. ಪ್ಲೈವುಡ್ಡಿನ ಸಿಪ್ಪೆ ಸಮೇತ ಕಿತ್ತು ಬಂತು, ಪಾಚಿ ಬಿಡಿಸಿದ ಕಟ್ಟೆಯ ಒಂದು ಮೂಲೆ ಮುರಿಯಿತು. ಕೋಟೆಗೋಡೆ ಕಿತ್ತಳು, ಗುಡ್ಡ ಕಿತ್ತಳು. ಎಲ್ಲವನ್ನೂ ಸಾಹುಕಾರರ ಮುಂದೆ ಒಟ್ಟಿದಳು.

“ನಿಮಗ ಎಲ್ಲಿ ಬೇಕೋ ಅಲ್ಲಿ ಇಡ್ರಿ. ನಾ ಆ ಕಡಿ ಮುಖ ಮಾಡಿ ನಿಂದರ್ತೀನಿ.”

ಗೋಡೆಗೆ ಮುಖ ಮಾಡಿ ನಿಂತಳು. ಸಾಹುಕಾರರು ಇಟ್ಟರು, ಮತ್ತೆ ಸರಿಸಿದರು, ಮತ್ತೆ ಇಟ್ಟರು. ಮೊದಲು ಇವರಿಬ್ಬರ ಸೆಮಿಫೈನಲ್ಲೇ ಮತ್ತೆ ಶುರುವಾಯಿತು. ಈ ಸಲ ನಾನು ಟೇಪಿನ ಎರಡೂ ತುದಿಗೆ ಗುಂಡುಸೂಜಿ ಚುಚ್ಚಿ, ಎರಡೂ ಕೈ ಮೇಲೆತ್ತಿ, ಆಮೇಲೆ ಅಂಕಿ ಓದುತ್ತಿದ್ದೆ. ಅವಳ ಮೊದಲ ಎರಡು ಹಲ್ಲಾ ಸರಿಯಾಗಿ ಮುಟ್ಟಿದವು. ಮುಟ್ಟಿದಾಗಲೆಲ್ಲ ಹಿಂದೆ ಯಾರೋ ಗುಸುಗು‌ಸು ಅನ್ನುತ್ತಿದ್ದರು. ಅವಳಿಗೂ ಕೇಳಿಸುತ್ತಿತ್ತು, ಕಿವಿ ಕೆಂಪಾಗಿದ್ದವು. ಮೂರನೆಯದರ ಮೇಲೆ ಪಂದ್ಯ ನಿಂತಿತ್ತು. ಬಾಗಿದಳು, ಒಂದು ಕಣ್ಣು ಮುಚ್ಚಿದಳು, ಒಂಬತ್ತು ಅಂದಳು.

ಸೂಜಿ ಚುಚ್ಚಿ ಕೈ ಎತ್ತಿದೆ. ಒಂಬತ್ತು ಇರಲಿ ದೇವರೇ ಅಂತ ಬೇಡಿಕೊಂಡೆ, ನಿರ್ಣಾಯಕಿ ಹಾಗೆ ಬೇಡಬಾರದು. ಒಂಬತ್ತೂಕಾಲು. ಮತ್ತೊಮ್ಮೆ ಹಾಕಲೇ ಅಂತ ಅವಳನ್ನೇ ಕೇಳಿದೆ. ಅವಳು ಬಗ್ಗಿ ಟೇಪು ನೋಡಿ, ಸರಿ ಇದೆ, ಮುಟ್ಟಲಿಲ್ಲ ಅಂದಳು. ಪಂದ್ಯ ಸಾಹುಕಾರರದು ಅಂತ ನನ್ನ ಬಾಯಿಂದಲೇ ಹೇಳಿದೆ.

ಹಾಲಿನ ಗಾಳಿಯೇ ತಿರುಗಿತು. ಚಪ್ಪಾಳೆ ಬಿತ್ತು, ಅವಳಿಗೆ. ಪಾಪ, ಖರೇ ಕಣ್ಣಂದಾಜಿನಲ್ಲೇ ಆಡ್ಯಾಳ ಅಂತ ಒಬ್ಬರು, ಅಳೆದಿದ್ದರೆ ತಪ್ಪುತ್ತಿತ್ತೇನು ಅಂತ ಇನ್ನೊಬ್ಬರು. ಸ್ಟುಡಿಯೋಗೆ ಹೋಗಿ ಹಂಗಿಸಿ ಬಂದವರೂ ಚಪ್ಪಾಳೆ ತಟ್ಟಿದರು. ಸಾಹುಕಾರರು ಗೆದ್ದ ಠೀವಿಯಲ್ಲಿ ಬಂದು ಅವಳ ತಲೆಯ ಮೇಲೆ ಕೈಯಿಟ್ಟು, ಚಲೋ ಹುಡುಗಿ, ನಮ್ಮ ಮನಸ್ಸಿನಲ್ಲಿ ಇನ್ನೇನೂ ಇಲ್ಲ ಅಂದರು. ಆ ಕೈ ಕಂಡು ನನಗೆ ತಡೆಯಲಾಗಲಿಲ್ಲ.

“ಈಕಿ ಗೆದ್ದಿದ್ರ ಏನಂತಿದ್ರಿ ಸಾಹುಕಾರ್ರೇ?”

ಚಪ್ಪಾಳೆ ನಿಂತಿತು. ಅವರು ಆಟದಲ್ಲಿ ಇದೆಲ್ಲ ಇದ್ದದ್ದೇ ಅಂತ ಏನೋ ಗೊಣಗಿದರು. ಹುಡುಗಿ ತಲೆ ಸರಿಸಿ ಆ ಕೈಯಿಂದ ಹೊರಗೆ ಬಂದಳು. ಗೊಂಬೆಗಳ ಡಬ್ಬಿ ಮುಚ್ಚಿ ಕಂಕುಳಿಗೆ ಇಟ್ಟುಕೊಂಡು ನನ್ನ ಎದುರಿಗೆ ನಿಂತಳು.

“ಅವರು ಬಿಡ್ರಿ, ಕಳ್ಳಿ ಅಂತಿದ್ರು. ನೀವೇನಂತಿದ್ರಿ ಅಕ್ಕಾರ?”

ಇಲ್ಲವ್ವ, ನಾ ಅನ್ನುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಮಸ್ಕಿಯಲ್ಲಿ ಮೊದಲು ಅಂದವಳು ನಾನೇ. ಬಾಯಿ ಮುಚ್ಚಿಕೊಂಡೆ. ಅವಳು ಇನ್ನೂ ಸ್ವಲ್ಪ ಹೊತ್ತು ಕಾದು, ಮೆಟ್ಟಿಲಿಳಿದು ಹೋದಳು.